ಹಳೇ .22 ರಿವಾಲ್ವರುಗಳ ಸಹವಾಸದಲ್ಲಿ ಕಲಿತದ್ದು

ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಮಲೆನಾಡಿಗ ನಾನು. ನಮ್ಮ ಕಡೆ ಮನೆಯಲ್ಲಿ ಕೋವಿ ಇತ್ತೆಂದರೆ ಅದು ಉದ್ದ ನಳಿಗೆಯದೇ: ಒಂದೋ ಕೇಪಿನ ಕೋವಿ, ಅನುಕೂಲಸ್ಥರಾದರೆ ಜೋಡು ನಳಿಗೆಯ ತೋಟಾ ಕೋವಿ. ರಿವಾಲ್ವರ್ ಏನಿದ್ದರೂ ಪೊಲೀಸರ ಸೊಂಟದ್ದು, ಇಲ್ಲವೇ ಟೆಂಟ್ ಸಿನಿಮಾದಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಹಿಡಿದದ್ದು. ಇಲ್ಲಿಗೆ ಬಂದ ಮೇಲೆ ನನಗೆ ಹತ್ತಿದ ಹುಚ್ಚು .22 ಬೋರಿನ ಹಳೇ ರಿಮ್‌ಫೈರ್ ರಿವಾಲ್ವರುಗಳದ್ದು. ದೊಡ್ಡ ಬೋರಿನವುಗಳ ಅಬ್ಬರ ಇವಕ್ಕಿಲ್ಲ. ಒದೆತ ಇಲ್ಲವೆನ್ನುವಷ್ಟು ಕಡಿಮೆ, ತೋಟಾ ಅಗ್ಗ, ಶನಿವಾರ ಬೆಳಿಗ್ಗೆ ರೇಂಜಿಗೆ ಹೋದರೆ ಮಧ್ಯಾಹ್ನದವರೆಗೆ ಸಾಕುಸಾಕೆನ್ನುವಷ್ಟು ಈಡು. ಕೆಲವನ್ನು ಕೊಂಡೆ, ಕೆಲವನ್ನು ಮಾರಿದೆ, ಮಾರಿದವುಗಳಲ್ಲಿ ಒಂದೆರಡನ್ನು ಇವತ್ತಿಗೂ ನೆನೆಯುತ್ತೇನೆ. ಇವುಗಳ ಸಹವಾಸ ಕಲಿಸಿದ್ದನ್ನು ನೆನಪಾದ ಹಾಗೆ ಬರೆದಿದ್ದೇನೆ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಸಾಲು ಹಚ್ಚಿಲ್ಲ.

1. ಕಾಗದಪತ್ರ ಮೊದಲು, ಕಬ್ಬಿಣ ಆಮೇಲೆ.

ನಮ್ಮ ಹುಡುಗರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಅಪರಾಧ. ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬಾರದು. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಇದರ ಮೇಲೆ ರಾಜ್ಯದ ಕಾನೂನು ಬೇರೆ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಪಕ್ಕದ ಮನೆಯವರಿಂದ ರಿವಾಲ್ವರ್ ಕೊಂಡರೂ ಪರವಾನಗಿಯ ಅಂಗಡಿಯ ಮೂಲಕವೋ ಶೆರಿಫ್ ಕಚೇರಿಯ ಮೂಲಕವೋ ಕೊಳ್ಳಬೇಕು. ಅಪ್ಪ ಅಮ್ಮ, ಮಕ್ಕಳು, ಗಂಡ ಹೆಂಡಿರಂಥ ಹತ್ತಿರದವರ ನಡುವೆ ಮಾತ್ರ ಸಡಿಲಿಕೆ.

2. ಹೊಳಪು ನೋಡಿ ಮರುಳಾಗಬೇಡಿ, ಗೂಡು ನೋಡಿ.

ರಿಮ್‌ಫೈರ್ ತೋಟಾದ ಗುಟ್ಟು ಅದರ ಅಂಚಿನಲ್ಲಿದೆ. ದೊಡ್ಡ ತೋಟಾಗಳ ಹಾಗೆ ಹಿಂಭಾಗದ ನಡುವೆ ಕೇಪು ಇರುವುದಿಲ್ಲ. ಹಿತ್ತಾಳೆಯ ಟೊಳ್ಳು ಅಂಚಿನ ಒಳಗೇ ಸಿಡಿಮದ್ದನ್ನು ಹಸಿಯಾಗಿ ಹಾಕಿ, ಗರಗರ ತಿರುಗಿಸಿ ಸುತ್ತಲೂ ಹರಡಿರುತ್ತಾರೆ. ಕುದುರೆ (ಹ್ಯಾಮರ್) ಬಿದ್ದಾಗ ಫೈರಿಂಗ್ ಪಿನ್ ಆ ಅಂಚನ್ನು ಗೂಡಿನ, ಅಂದರೆ ಸಿಲಿಂಡರಿನಲ್ಲಿ ತೋಟಾ ಕೂರುವ ತೂತಿನ, ಉಕ್ಕಿಗೆ ಒತ್ತಿ ಜಜ್ಜುತ್ತದೆ, ಕಿಡಿ ಹುಟ್ಟುತ್ತದೆ. ಎಲ್ಲ ಪೆಟ್ಟೂ ಬೀಳುವುದು ಗೂಡಿನ ಬಾಯಂಚಿನ ಮೇಲೆ. ಅದೇ ಸವೆದು ತಗ್ಗು ಬಿದ್ದಿದ್ದರೆ ಪಿನ್ನಿಗೆ ಜಜ್ಜಲು ಆಸರೆಯೇ ಇಲ್ಲ, ತೋಟಾ ಹೊತ್ತುವುದಿಲ್ಲ. ಆಮೇಲೆ ಜನ ತೋಟಾ ಕಂಪನಿಯನ್ನು ಬೈಯುತ್ತಾರೆ.

ಹಾಗಾಗಿ ಹಳೇ .22 ಕೈಗೆ ಬಂದರೆ ಮೊದಲು ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು ಸಿಲಿಂಡರಿನ ಹಿಂಬದಿಯನ್ನು ಬೆಳಕಿಗೆ ಹಿಡಿಯುತ್ತೇನೆ. ಪ್ರತಿ ಗೂಡಿನ ಅಂಚಿನಲ್ಲೂ ಪಿನ್ ಬಿದ್ದ ಗಾಯ ಎಷ್ಟು ಆಳ ಇದೆ ನೋಡುತ್ತೇನೆ. ಆಮೇಲೆ ಹೆಬ್ಬೆರಳಿನಲ್ಲಿ ಸಿಲಿಂಡರಿಗೆ ಚೂರು ತಡೆ ಕೊಟ್ಟು, ಕುದುರೆಯನ್ನು ನಿಧಾನಕ್ಕೆ ಎಳೆಯುವುದು. ಕುದುರೆ ಪೂರ್ತಿ ಹಿಂದೆ ಬಂದು ನಿಲ್ಲುವ ಹೊತ್ತಿಗೆ ಸಿಲಿಂಡರ್ ಟಕ್ಕೆಂದು ಕೂತಿರಬೇಕು. ಒಂದು ಗೂಡಿನಲ್ಲಿ ಕೂತು ಇನ್ನೊಂದರಲ್ಲಿ ಕೂರದಿದ್ದರೆ ಗುಂಡು ನಳಿಗೆಯ ಬಾಯಿಗೆ ಓರೆಯಾಗಿ ಬಡಿದು ಸೀಸ ಚೂರುಚೂರಾಗಿ ಪಕ್ಕಕ್ಕೆ ಹಾರುತ್ತದೆ. ಪಕ್ಕದಲ್ಲಿ ನಿಂತವರ ಕೆನ್ನೆಗೆ ತಾಗಿದಾಗ ಅವರು ಹೇಳುವ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಎಲ್ಲಾದರೂ ಕಪ್ಪು ಉಂಗುರ ಕಂಡರೆ ಅಲ್ಲಿ ಹಿಂದೆಂದೋ ಒಂದು ಗುಂಡು ಸಿಕ್ಕಿಕೊಂಡಿದ್ದಾಗ ಅದರ ಹಿಂದೆಯೇ ಇನ್ನೊಂದು ಬಂದು ಗುದ್ದಿ ನಳಿಗೆ ಉಬ್ಬಿದೆ ಎಂದು ಅರ್ಥ. ಅಂಥದ್ದನ್ನು ಬಿಟ್ಟುಬಿಡಿ.

ಹೊರಗಿನ ನೀಲಿ ಬಣ್ಣ ಮಾಸಿರುವುದು ದೋಷವಲ್ಲ. ತೀರಾ ಹೊಳೆಯುತ್ತಿದ್ದರೇ ನನಗೆ ಗುಮಾನಿ. ಕಂಪನಿಯ ಅಕ್ಷರಗಳ ಅಂಚು ಮೊಂಡಾಗಿ, ತಿರುಪಿನ ತೂತುಗಳ ಸುತ್ತ ತಗ್ಗು ಬಿದ್ದಿದ್ದರೆ ಯಾರೋ ಪಾಲಿಶ್ ಚಕ್ರಕ್ಕೆ ಹಿಡಿದು ಮತ್ತೆ ಬಣ್ಣ ಏರಿಸಿದ್ದಾರೆ.

3. ಖಾಲಿ ಗೂಡಿನ ಮೇಲೆ ಕುದುರೆ ಬೀಳಿಸಬೇಡಿ.

ಗೂಡುಗಳು ಸವೆಯುವುದು ಹೆಚ್ಚಾಗಿ ಹೀಗೆಯೇ. ಟಿ.ವಿ. ಮುಂದೆ ಕೂತು ಟಿಕ್ ಟಿಕ್ ಮಾಡಿದವರು ಹಾಳು ಮಾಡಿದಷ್ಟು ಗೂಡುಗಳನ್ನು ತೋಟಾ ಸುಟ್ಟವರು ಹಾಳು ಮಾಡಿಲ್ಲ. ಅಭ್ಯಾಸ ಬೇಕೇ ಬೇಕೆಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ, ಗೋಡೆಗೆ ತಿರುಪು ಕೂರಿಸಲು ಕೊಡುವ ಹಳದಿ ಪ್ಲಾಸ್ಟಿಕ್ ಪ್ಲಗ್ಗುಗಳು ಸಿಗುತ್ತವೆ. ಅದರ ಸಣ್ಣ ಅಳತೆ .22 ಗೂಡಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಪಿನ್ನಿನ ಪೆಟ್ಟನ್ನು ತಿನ್ನುತ್ತದೆ.

4. ಬಡವರ ಬಂದೂಕೆಂದು ಮೂಗು ಮುರಿಯಬೇಡಿ.

ನನ್ನ ಅತ್ಯಂತ ಸುಖದ ನೆನಪುಗಳು ದುಬಾರಿ ರಿವಾಲ್ವರುಗಳವಲ್ಲ. ಮ್ಯಾಸಚೂಸೆಟ್ಸ್ ಮತ್ತು ಕನೆಕ್ಟಿಕಟ್ ರಾಜ್ಯಗಳ ಕಾರ್ಖಾನೆ ಊರುಗಳಲ್ಲಿ ರೈತರಿಗೆ, ಬೋನು ಇಟ್ಟು ಪ್ರಾಣಿ ಹಿಡಿಯುವವರಿಗೆ, ಶಿಬಿರಕ್ಕೆ ಹೋಗುವವರಿಗೆ ಎಂದು ಅಗ್ಗವಾಗಿ ತಯಾರಾದವು ಅವು. ವುಸ್ಟರ್ ಊರಿನ ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಕಂಪನಿಯ ‘ಸ್ಪೋರ್ಟ್ಸ್‌ಮನ್’ ಎಂಬ ಒಂಬತ್ತು ಈಡಿನ ರಿವಾಲ್ವರ್ ಅಂಥದ್ದು. ಮೇಲಿನ ಚಿಲಕ ಎತ್ತಿ ನಳಿಗೆಯನ್ನು ಕೆಳಕ್ಕೆ ಮಡಿಸಿದರೆ ಒಂಬತ್ತೂ ಖಾಲಿ ತೋಟಾಗಳು ಒಟ್ಟಿಗೆ ಮೇಲೆದ್ದು ಬರುತ್ತವೆ. ನಮ್ಮ ಊರಿನ ಮಡಚುವ ತೋಟಾ ಕೋವಿ ಕಂಡವನಿಗೆ ಇದು ಮೊದಲ ದಿನವೇ ಮನೆಯ ಸಾಮಾನು ಅನ್ನಿಸಿತು. ಅದರ ಮಾಡೆಲ್ ಸಂಖ್ಯೆಯೂ 999! ಅಂಗಡಿಯವನಿಗೆ ನಾನು ಯಾಕೆ ನಕ್ಕೆನೆಂದು ತಿಳಿಯಲಿಲ್ಲ, ಅಣ್ಣಾವ್ರ ವಿಷಯ ಹೇಳಿ ಅರ್ಥ ಮಾಡಿಸುವ ಗೋಜಿಗೆ ನಾನೂ ಹೋಗಲಿಲ್ಲ. ಆ ಹಳೆಯ ಕಂಪನಿ 1986ರಲ್ಲಿ ಬಾಗಿಲು ಹಾಕಿತು. ಇಂಥ ಮಡಚುವ ರಿವಾಲ್ವರ್ ಕೊಳ್ಳುವಾಗ ಚಿಲಕ ಹಾಕಿ ನಳಿಗೆಯನ್ನು ಅಲುಗಾಡಿಸಿ ನೋಡಬೇಕು. ಲಟಲಟ ಎಂದರೆ ಬೇಡ.

ಕನೆಕ್ಟಿಕಟ್‌ನ ಹೈ ಸ್ಟ್ಯಾಂಡರ್ಡ್ ಕಂಪನಿ 1955ರಲ್ಲಿ ತಂದ ‘ಸೆಂಟಿನೆಲ್’ ಇನ್ನೊಂದು. ಚೌಕಟ್ಟು ಅಲ್ಯೂಮಿನಿಯಂ, ಹಾಗಾಗಿ ಹಗುರ. ಇದಕ್ಕೂ ಒಂಬತ್ತು ಗೂಡು. ಅದೇ ದಶಕದ ಕೊನೆಯ ಹೊತ್ತಿಗೆ ಗುಲಾಬಿ, ಹಸಿರುನೀಲಿ, ಚಿನ್ನದ ಬಣ್ಣಗಳಲ್ಲೂ ಮಾರಿದರು. ಅಮೆರಿಕದ ಕಾರುಗಳೂ ಫ್ರಿಜ್ಜುಗಳೂ ಬಣ್ಣ ಬಳಿದುಕೊಂಡ ಕಾಲ ಅದು. ಇದನ್ನೇ ಕೌಬಾಯ್ ವೇಷದಲ್ಲಿ ‘ಡಬಲ್ ನೈನ್’ ಎಂದೂ ತಂದರು. ನಳಿಗೆಯ ಕೆಳಗೆ ಕಾಣುವ ಖಾಲಿ ತೋಟಾ ತಳ್ಳುವ ಕೊಳವೆ ಅದರಲ್ಲಿ ಬರೀ ಶೋಕಿ. ನಿಜವಾದ ಕೆಲಸ ಸಿಲಿಂಡರ್ ಪಕ್ಕಕ್ಕೆ ತೆರೆದೇ ಆಗಬೇಕು.

ಫಿಚ್‌ಬರ್ಗ್ ಊರಿನ ಐವರ್ ಜಾನ್ಸನ್ ಕಂಪನಿಯದು ಇನ್ನೂ ಸ್ವಾರಸ್ಯ. ಸುತ್ತಿಗೆಯಿಂದ ಕುದುರೆಗೆ ಹೊಡೆದರೂ ನಮ್ಮ ರಿವಾಲ್ವರ್ ತಾನಾಗಿ ಸಿಡಿಯುವುದಿಲ್ಲ ಎಂಬುದು ಅವರ ಜಾಹೀರಾತಿನ ಪ್ರಸಿದ್ಧ ಸವಾಲು. ಕುದುರೆಗೂ ಪಿನ್ನಿಗೂ ನಡುವೆ ಒಂದು ಉಕ್ಕಿನ ಪಟ್ಟಿ, ಟ್ರಿಗರ್ ಎಳೆದಾಗ ಮಾತ್ರ ಮೇಲೆ ಬಂದು ಪೆಟ್ಟನ್ನು ದಾಟಿಸುತ್ತದೆ. 19ನೇ ಶತಮಾನ ಮುಗಿಯುವ ಮೊದಲೇ ಈ ಅಗ್ಗದ ಕಂಪನಿ ಮಾಡಿದ ಕೆಲಸವನ್ನು ಎಷ್ಟೋ ಹೆಸರಾಂತ ಕಂಪನಿಗಳು ಮಾಡಲು ದಶಕಗಳೇ ಹಿಡಿದವು. ಅವರ ‘ಸೀಲ್ಡ್ ಎಯ್ಟ್’ ಮಾದರಿಯ ಹೆಸರಿಗೂ ಕಾರಣ ಇದೆ. 1930ರ ಆಸುಪಾಸಿನಲ್ಲಿ ಹೆಚ್ಚು ವೇಗದ .22 ತೋಟಾಗಳು ಬಂದಾಗ ಹಳೆಯ ರಿವಾಲ್ವರುಗಳಲ್ಲಿ ಹಿತ್ತಾಳೆಯ ಅಂಚು ಒಡೆದು ಬಿಸಿ ಗಾಳಿ ಹಿಂದಕ್ಕೆ ನುಗ್ಗುವ ಅಪಾಯ ಇತ್ತು. ಅದಕ್ಕೆಂದು ಗೂಡಿನ ಬಾಯನ್ನು ಒಳಕ್ಕೆ ಕೊರೆದು, ತೋಟಾದ ಅಂಚು ಸುತ್ತಲೂ ಉಕ್ಕಿನಲ್ಲಿ ಮುಳುಗಿ ಕೂರುವ ಹಾಗೆ ಮಾಡಿದರು. ನಿಮ್ಮ ಹಳೇ ರಿವಾಲ್ವರಿನಲ್ಲಿ ತೋಟಾಗಳ ಅಂಚು ಸಿಲಿಂಡರಿನ ಹೊರಗೆ ಎದ್ದು ಕಾಣುತ್ತಿದ್ದರೆ ವೇಗದ ತೋಟಾ ಹಾಕಬೇಡಿ, ಸಾಧಾರಣ ವೇಗದ್ದೇ ಸಾಕು.

5. ಹಳೇ ರೂಗರ್ ಆದರೆ ಐದೇ ತುಂಬಿ.

1953ರಲ್ಲಿ ಬಂದ ರೂಗರ್ ಕಂಪನಿಯ ‘ಸಿಂಗಲ್ ಸಿಕ್ಸ್’ ಆರು ಗೂಡಿನದು. ಆದರೆ 1973ಕ್ಕೆ ಮುಂಚಿನ ಮಾದರಿಗಳಲ್ಲಿ ಐವರ್ ಜಾನ್ಸನ್‌ನಲ್ಲಿದ್ದಂಥ ಉಕ್ಕಿನ ಪಟ್ಟಿ ಇಲ್ಲ. ಬಗಲಲ್ಲಿ ಮೂರು ತಿರುಪು ಕಂಡರೆ ಅದು ಹಳೆಯದು. ಕುದುರೆಯ ಕೆಳಗೆ ತೋಟಾ ಇಟ್ಟು ನಡೆಯುವಾಗ ಕೈ ಜಾರಿ ಬಿದ್ದರೆ ಸಿಡಿದೀತು. ಕುದುರೆಯ ಕೆಳಗಿನ ಗೂಡು ಯಾವಾಗಲೂ ಖಾಲಿ ಇರಲಿ. ಕಂಪನಿಗೆ ಕಳಿಸಿದರೆ ದುಡ್ಡಿಲ್ಲದೆ ಪಟ್ಟಿ ಅಳವಡಿಸಿ, ತೆಗೆದ ಹಳೇ ಭಾಗಗಳನ್ನು ಪೊಟ್ಟಣ ಕಟ್ಟಿ ವಾಪಸ್ ಕೊಡುತ್ತಾರೆ. ಆ ಪೊಟ್ಟಣವನ್ನು ಎಸೆಯಬೇಡಿ, ಸಂಗ್ರಾಹಕರು ಅದಕ್ಕೆ ಬೆಲೆ ಕಟ್ಟುತ್ತಾರೆ.

6. ತೋಟಾದ ರುಚಿ ರಿವಾಲ್ವರಿನದು, ನಿಮ್ಮದಲ್ಲ.

ಒಂದೇ ಕಂಪನಿಯ ಎರಡು ರಿವಾಲ್ವರುಗಳು ಒಂದೇ ಡಬ್ಬಿಯ ತೋಟಾವನ್ನು ಬೇರೆ ಬೇರೆ ಕಡೆ ಹಾರಿಸುತ್ತವೆ. ನಾಲ್ಕಾರು ಬಗೆಯ ಐವತ್ತರ ಡಬ್ಬಿ ತಂದು, ಕೈಯನ್ನು ಮರಳಿನ ಚೀಲದ ಮೇಲೆ ಊರಿ, ಗುರಿ ಕಾಗದದ ಮೇಲೆ ಯಾವುದು ಗುಂಪಾಗಿ ಬೀಳುತ್ತದೆ ನೋಡಿ. ನನ್ನವುಗಳಲ್ಲಿ ಹೆಚ್ಚಿನವು 40 ಗ್ರೇನ್, ಅಂದರೆ ಎರಡೂವರೆ ಗ್ರಾಮಿಗೆ ತುಸು ಹೆಚ್ಚು ತೂಕದ ಸೀಸದ ಗುಂಡಿನ ಸಾಧಾರಣ ವೇಗದ ತೋಟಾವನ್ನೇ ಮೆಚ್ಚುತ್ತವೆ.

ಎರಡು ಎಚ್ಚರಿಕೆ. ‘ಲಾಂಗ್ ರೈಫಲ್’ ಗೂಡಿನಲ್ಲಿ ಚಿಕ್ಕ ‘ಶಾರ್ಟ್’ ತೋಟಾ ಸುಡಬಹುದು, ಆದರೆ ಅದರ ಮುಂದೆ ಮಸಿಯ ಉಂಗುರ ಕಟ್ಟುತ್ತದೆ. ಉಜ್ಜಿ ತೆಗೆಯದಿದ್ದರೆ ಆಮೇಲೆ ಉದ್ದದ ತೋಟಾ ಕೂರುವುದಿಲ್ಲ. ಇನ್ನು .22 ಮ್ಯಾಗ್ನಮ್ ಸಿಲಿಂಡರಿಗೆ ಲಾಂಗ್ ರೈಫಲ್ ಹಾಕಲೇಬೇಡಿ. ಮ್ಯಾಗ್ನಮ್ ಗೂಡು ಅಗಲ, ಸಣ್ಣ ತೋಟಾ ಅದರಲ್ಲಿ ಹೊಟ್ಟೆಯೊಡೆದು ಹೋಗುತ್ತದೆ.

ರಿಮ್‌ಫೈರ್ ತೋಟಾ ಆಗೊಮ್ಮೆ ಈಗೊಮ್ಮೆ ಹೊತ್ತದೆ ಕೈಕೊಡುತ್ತದೆ. ಆಗ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಸುಮ್ಮನಿರಿ. ತಕ್ಷಣ ಮತ್ತೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗುತ್ತದೆ. ಒಳಗೊಳಗೇ ಕನಲುತ್ತಿದ್ದ ತೋಟಾ ತಡವಾಗಿ ಸಿಡಿದರೆ ಅದರ ಮುಂದೆ ನಳಿಗೆ ಇರುವುದಿಲ್ಲ.

ಇದೆಲ್ಲ ಸಿಕ್ಕರೆ ತಾನೆ? 2013ರಲ್ಲಿ ಇಡೀ ಅಮೆರಿಕದಲ್ಲಿ .22 ತೋಟಾ ಮಾಯವಾಯಿತು. ಕನೆಕ್ಟಿಕಟ್‌ನ ಶಾಲೆಯೊಂದರಲ್ಲಿ 2012ರ ಡಿಸೆಂಬರಿನಲ್ಲಿ ನಡೆದ ಹತ್ಯಾಕಾಂಡದ ಬಳಿಕ ಹೊಸ ಕಾನೂನು ಬಂದೀತೆಂಬ ಗುಲ್ಲೆದ್ದು, ಜನ ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಹೋದರು. ಅಂಗಡಿಗಳು ಒಬ್ಬರಿಗೆ ಇಷ್ಟೇ ಡಬ್ಬಿ ಎಂದು ಬೋರ್ಡು ಹಾಕಿದವು. ಬೆಳಗಿನ ಜಾವ ಸರದಿಯಲ್ಲಿ ನಿಂತವರನ್ನು ನೋಡಿ ನನಗೆ ನಮ್ಮೂರ ಸೊಸೈಟಿಯ ಸೀಮೆಎಣ್ಣೆ ಕ್ಯೂ ಜ್ಞಾಪಕಕ್ಕೆ ಬಂತು. ಅಂದಿನಿಂದ ಸಿಕ್ಕಾಗ ಒಂದಿಷ್ಟು ತೆಗೆದಿಡುತ್ತೇನೆ, ಆದರೆ ಗೋದಾಮು ಮಾಡುವುದಿಲ್ಲ.

7. ಸ್ಪ್ರಿಂಗ್ ಕತ್ತರಿಸುವ ಕೈಗೆ ಬೇರೆ ಕೆಲಸ ಕೊಡಿ.

.22 ರಿವಾಲ್ವರಿನ ಟ್ರಿಗರ್ ಬಿಗಿ ಎಂದು ಎಲ್ಲರೂ ಗೊಣಗುತ್ತಾರೆ. ಹಿತ್ತಾಳೆಯ ಅಂಚು ಜಜ್ಜಲು ಜೋರಾದ ಪೆಟ್ಟೇ ಬೇಕು, ಅದಕ್ಕೇ ಸ್ಪ್ರಿಂಗ್ ಗಟ್ಟಿ. ಕತ್ತರಿಸಿದರೆ ಟ್ರಿಗರ್ ಬೆಣ್ಣೆಯಾಗುತ್ತದೆ, ತೋಟಾ ಸಿಡಿಯುವುದಿಲ್ಲ. ಹಾಗೆಯೇ ಸಿನಿಮಾದವರಂತೆ ಮಣಿಕಟ್ಟು ಕೊಡವಿ ಸಿಲಿಂಡರ್ ಮುಚ್ಚಬೇಡಿ, ಅದನ್ನು ಹೊತ್ತ ತೋಳು ಬಾಗುತ್ತದೆ. ಖಾಲಿ ತೋಟಾ ಹೊರಹಾಕುವಾಗ ಮೂತಿ ಮೇಲಕ್ಕಿರಲಿ. ಸುಡದೆ ಉಳಿದ ಮದ್ದಿನ ಕಣಗಳು ನಕ್ಷತ್ರದಾಕಾರದ ತಳ್ಳುಪಟ್ಟಿಯ ಕೆಳಗೆ ಸೇರಿಕೊಂಡರೆ ಸಿಲಿಂಡರ್ ತಿರುಗುವುದೇ ಕಷ್ಟ. ಹಳೇ ಹಲ್ಲುಜ್ಜುವ ಬ್ರಷ್ ಒಂದಿದ್ದರೆ ಈ ರೋಗ ಬರುವುದಿಲ್ಲ. ತೊಗಲಿನ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ಮಾತ್ರ ತುಕ್ಕು ಖಂಡಿತ.

8. ಒಳ್ಳೆಯದೊಂದು ಇರಲಿ, ಅದರಲ್ಲಿ ನಿಧಾನ ಕಲಿಯಿರಿ.

ಅಗ್ಗದವನ್ನು ಎಷ್ಟೇ ಹೊಗಳಿದರೂ ಸ್ಮಿತ್ ಅಂಡ್ ವೆಸನ್ ಕಂಪನಿಯ ‘ಕೆ-22’ ಹಿಡಿದವನ ಕೈ ಬೇರೆಯೇ. 1931ರಲ್ಲಿ, ಅಮೆರಿಕ ದಿವಾಳಿಯೆದ್ದು ಕೂತಿದ್ದಾಗ, ಈ ಗುರಿಕಾರರ ರಿವಾಲ್ವರನ್ನು ತರುವ ಧೈರ್ಯ ಮಾಡಿದರು. 1940ರಲ್ಲಿ ತಿದ್ದಿ ‘ಮಾಸ್ಟರ್‌ಪೀಸ್’ ಎಂದು ಹೆಸರಿಟ್ಟರು, ಯುದ್ಧ ಬಂದು ನಿಂತುಹೋಯಿತು, 1946ರಲ್ಲಿ ಮತ್ತೆ ಬಂತು. 1957ರಿಂದ ಅದಕ್ಕೆ ಮಾಡೆಲ್ 17 ಎಂಬ ಸಂಖ್ಯೆ. ನನ್ನದು ಆ ಸಂಖ್ಯೆ ಬರುವುದಕ್ಕೆ ಮುಂಚಿನದು. ಆರಂಗುಲದ ನಳಿಗೆ, ವಾಲ್ನಟ್ ಹಿಡಿ, ಕುದುರೆ ಎಳೆದಿಟ್ಟ ಮೇಲೆ ಟ್ರಿಗರಿಗೆ ಬೆರಳು ಯೋಚಿಸಿದರೆ ಸಾಕು.

.22 ಗುಂಡು ನಿಧಾನಸ್ಥ. ಕುದುರೆ ಬಿದ್ದು, ಗುಂಡು ನಳಿಗೆ ದಾಟುವ ತನಕ ಕೈ ಅಲ್ಲೇ ನಿಲ್ಲಬೇಕು. ಈಡಾದ ಕೂಡಲೇ ಕಾಗದ ನೋಡಲು ಕತ್ತೆತ್ತುವವರ ಗುಂಡು ಕೆಳಗೆ ಬೀಳುತ್ತದೆ. ಇಂಥ ಚಾಳಿಗಳನ್ನು ಪತ್ತೆಹಚ್ಚಲು ರಿವಾಲ್ವರಿನಷ್ಟು ಒಳ್ಳೆಯ ಮೇಷ್ಟ್ರಿಲ್ಲ. ಹೊಸಬರು ಬಂದರೆ ಅವರಿಗೆ ಕಾಣದ ಹಾಗೆ ಮೂರು ಗೂಡಿಗೆ ಹೊಸ ತೋಟಾ, ಮೂರಕ್ಕೆ ಸುಟ್ಟ ತೋಟಾ ಹಾಕಿ ಕೊಡುತ್ತೇನೆ. ಸಿಡಿಯದ ಗೂಡಿನ ಸರದಿಯಲ್ಲಿ ಮೂತಿ ಹೇಗೆ ಕೆಳಕ್ಕೆ ಮುಗ್ಗರಿಸುತ್ತದೆಂದು ಅವರೇ ನೋಡಿ ನಗುತ್ತಾರೆ. ಒಂದು ಬೇಸಿಗೆಯಲ್ಲಿ ಊರಿಂದ ಬಂದಿದ್ದ ನಮ್ಮ ಭಾವ, ಹಂದಿ ಹೊಡೆದ ಕಥೆಗಳನ್ನು ಗಂಟೆಗಟ್ಟಲೆ ಹೇಳುವವರು, ಗುರಿ ಕಾಗದ ನೋಡಲೆಂದು ಬಂದು ರೇಂಜಿನ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ನನ್ನ ಮಗಳು ಕೆ-22ರಲ್ಲಿ ಒಂದರ ಮೇಲೊಂದು ಬೀಳಿಸುತ್ತಿದ್ದಳು. “ಇವಳಿಗೆ ಯಾರು ಕಲಿಸಿದ್ದು ಮಾರಾಯ?” ಎಂದರು. “ರಿವಾಲ್ವರೇ” ಎಂದೆ. ಅವರು ಆ ದಿನ ಹಂದಿಯ ವಿಷಯ ಎತ್ತಲಿಲ್ಲ.

ಒಹಾಯೋದಲ್ಲಿ ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಪಂದ್ಯಗಳು ನಡೆಯುತ್ತ ಬಂದಿವೆ. ಅಲ್ಲಿ ಒಂದೇ ಕೈ ಚಾಚಿ ನಿಂತು ಗುರಿ ಇಡುವವರನ್ನು ಒಮ್ಮೆ ನೋಡಿ ಬನ್ನಿ. ಈಗ ಹೆಚ್ಚಿನವರ ಕೈಯಲ್ಲಿ ಪಿಸ್ತೂಲು, ಆದರೂ ಆ ನಿಲುವು ಈ ಹಳೇ ರಿವಾಲ್ವರುಗಳ ಕಾಲದ್ದೇ.

9. ಕೆಲವು ನೋಡಲಿಕ್ಕೆ ಮಾತ್ರ.

ಈ ವಂಶದ ಮೂಲಪುರುಷ 1857ರ ಸ್ಮಿತ್ ಅಂಡ್ ವೆಸನ್ ಮಾಡೆಲ್ ಒಂದು: ಏಳು ಈಡು, .22 ಶಾರ್ಟ್. ಸಿಲಿಂಡರಿಗೆ ಆರಪಾರ ತೂತು ಕೊರೆಯುವ ಪೇಟೆಂಟು ರೋಲಿನ್ ವೈಟ್ ಎಂಬವನದು, 1855ರದು. ಅವನಿಗೆ ಒಂದೊಂದು ರಿವಾಲ್ವರಿಗೂ 25 ಸೆಂಟ್ ಕೊಡುವ ಕರಾರಾಯಿತು. ಜಾಣತನ ಇರುವುದು ಮುಂದಿನ ಷರತ್ತಿನಲ್ಲಿ: ನಕಲು ಮಾಡಿದವರ ಮೇಲೆ ದಾವೆ ಹೂಡುವ ಖರ್ಚು ವೈಟ್‌ನದೇ. 1869ರಲ್ಲಿ ಪೇಟೆಂಟ್ ಮುಗಿಯುವವರೆಗೆ ಉಳಿದ ಕಂಪನಿಗಳಲ್ಲಿ ಕೆಲವು ಕೈಕಟ್ಟಿ ಕೂತವು, ಕೆಲವು ನಕಲು ಮಾಡಿದವು, ವೈಟ್ ಕೋರ್ಟು ಅಲೆದ. ಅಂತರ್ಯುದ್ಧಕ್ಕೆ ಹೊರಟ ಸಿಪಾಯಿಗಳು ತಮ್ಮ ಸ್ವಂತ ದುಡ್ಡಿನಲ್ಲಿ ಈ ಪುಟ್ಟ ರಿವಾಲ್ವರ್ ಕೊಂಡು ಜೇಬಿಗಿಳಿಸಿದರು. ಆ ತೋಟಾ ಇವತ್ತಿಗೂ ತಯಾರಾಗುತ್ತದೆ, ಅದೇ ಅಪಾಯ. ಆ ಕಾಲದ ಉಕ್ಕು, ಕಬ್ಬಿಣ ಕರಿಮದ್ದಿನ ಒತ್ತಡಕ್ಕೆ ಅಳೆದದ್ದು. ಇಂದಿನ ಹೊಗೆರಹಿತ ಮದ್ದಿನ ತೋಟಾ ಹಾಕಿ ಸುಡಬಾರದು. 1898 ಅಥವಾ ಅದಕ್ಕೆ ಮುಂಚೆ ತಯಾರಾದದ್ದನ್ನು ಇಲ್ಲಿನ ಕೇಂದ್ರ ಕಾನೂನು ಪುರಾತನ ವಸ್ತು ಎಂದು ಬೇರೆಯಾಗಿಯೇ ನೋಡುತ್ತದೆ. ನಾವೂ ಹಾಗೇ ನೋಡೋಣ.

10. ಚಿಕ್ಕದೆಂದು ಆಟಿಕೆ ಅಂದುಕೊಳ್ಳಬೇಡಿ.

1968ರ ಜೂನಿನಲ್ಲಿ ಲಾಸ್ ಏಂಜಲೀಸ್‌ನ ಹೋಟೆಲಿನ ಅಡುಗೆ ಕೋಣೆಯ ದಾರಿಯಲ್ಲಿ ರಾಬರ್ಟ್ ಕೆನಡಿಯನ್ನು ಕೊಂದದ್ದು ಎಂಟು ಈಡಿನ .22 ಐವರ್ ಜಾನ್ಸನ್. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಮೇಲೆ ಹಾರಿದ್ದು ಅಗ್ಗದ .22 ರಿವಾಲ್ವರಿನ ಗುಂಡು. ಕಾರಿಗೆ ತಾಗಿ ಚಿಮ್ಮಿ ಅವರ ಕಂಕುಳ ಕೆಳಗೆ ಹೊಕ್ಕಿತು. ನಾನು ಮೇಲೆ ಹಾಡಿ ಹೊಗಳಿದ ಕಂಪನಿಯ ಹೆಸರೂ ಈ ಪಟ್ಟಿಯಲ್ಲಿದೆ ಎಂಬುದನ್ನು ಮರೆಸಿ ಬರೆಯಲಾರೆ. ತೋಟಾ ಡಬ್ಬಿಯ ಮೇಲೆ ಒಂದೂವರೆ ಮೈಲಿ ದೂರದವರೆಗೂ ಅಪಾಯ ಎಂದು ಅಚ್ಚು ಹಾಕಿರುತ್ತಾರೆ. ಕಿವಿಗೂ ಕಣ್ಣಿಗೂ ರಕ್ಷಣೆ ಬೇಕು. ಸದ್ದು ಸಣ್ಣದೆನ್ನಿಸಿದರೂ ಕಿವಿ ಕೆಡುತ್ತದೆ. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಚಕ್ಕುಲಿ ಡಬ್ಬಿಗೆ ಹಾಕಬಾರದು. ಮನೆಯಲ್ಲಿ ರಿವಾಲ್ವರ್ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಮಕ್ಕಳಿಲ್ಲದ ಮನೆಯಲ್ಲೂ ಹೀಗೇ, ಯಾಕೆಂದರೆ ಮನಸ್ಸು ಕೆಡುವುದಕ್ಕೆ ವಯಸ್ಸಿಲ್ಲ.

11. ಮನೆಯವರಿಗೆ ಬರೆದಿಡಿ.

ಯಜಮಾನರು ತೀರಿಹೋದ ಮನೆಗಳಲ್ಲಿ ಕೆ-22 ಕೂಡ, ಗೂಡು ಸವೆದ ತಗಡಿನಂಥದ್ದು ಕೂಡ ಒಂದೇ ಪೆಟ್ಟಿಗೆಯಲ್ಲಿ ಒಂದೇ ಬೆಲೆಗೆ ಹೋಗುವುದನ್ನು ನೋಡಿದ್ದೇನೆ. ರೂಗರ್ ಜೊತೆ ಬರುವ ಇನ್ನೊಂದು ಮ್ಯಾಗ್ನಮ್ ಸಿಲಿಂಡರ್ ಕೆಂಪು ಬಟ್ಟೆಯ ಚೀಲದಲ್ಲಿರುತ್ತದೆ. ಚೀಲ ಹೊಲಿಗೆ ಡಬ್ಬಿಯಲ್ಲಿ, ರಿವಾಲ್ವರ್ ಇನ್ನಾರದೋ ಮನೆಯಲ್ಲಿ. ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಕಂಪನಿ, ಯಾವ ಸಂಖ್ಯೆ, ಯಾವ ತೋಟಾ ಹಾಕಬಹುದು, ಯಾವುದನ್ನು ಸುಡಲೇಬಾರದು, ಯಾರಿಗೆ ಸೇರಬೇಕು. ಬೇರೆ ರಾಜ್ಯದಲ್ಲಿರುವ ಮಗಳಿಗೆ ಬದುಕಿರುವಾಗ ಕೊಡುವುದಾದರೆ ಪರವಾನಗಿಯ ಅಂಗಡಿಯ ಮೂಲಕ ಕೊಡಬೇಕು, ಉಯಿಲಿನಲ್ಲಿ ಬರೆದರೆ ಕೇಂದ್ರ ಕಾನೂನು ಆ ಸುತ್ತು ಕೇಳುವುದಿಲ್ಲ. ಅವಳ ರಾಜ್ಯ ಒಪ್ಪುತ್ತದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಬೀಗದ ಕೈ ಎಲ್ಲಿದೆ ಎಂಬುದನ್ನು ಆ ಹಾಳೆಯಲ್ಲಿ ಬರೆಯಬೇಡಿ. ಅದನ್ನು ನಂಬಿಕೆಯ ಒಬ್ಬರಿಗೆ ಬಾಯಲ್ಲಿ ಹೇಳಿ.